ಅಶಿಮಾ ಇಲ್ಲದ ಗೂಡು

ಹಮಾತ್, ನೀಸಾನ್ ತಿಂಗಳ ಹತ್ತನೆಯ ದಿನ,
ಅಶ್ಶೂರದ ದೊರೆಯ ಏಳನೆಯ ವರ್ಷ

ಸಮಾರ್ಯದ ಕೆಳಬಾಗಿಲ ಕೇರಿಯ ಕುಂಬಾರ ಜಬ್ದಿಯ ಹೆಂಡತಿ ತಾಬಿಯವರಿಗೆ ಓದಿ ಹೇಳುವುದು. ನಿಮ್ಮ ತಮ್ಮ ಮತಿಯೇಲ ಹೇಳುವ ಮಾತು ಇದು. ಹಮಾತಿನ ದೇವರುಗಳೆಲ್ಲ ನಿಮ್ಮನ್ನು, ಭಾವನನ್ನು, ಮಕ್ಕಳನ್ನು ಕಾಯಲಿ.

ನಾವಿಲ್ಲಿ ಕ್ಷೇಮ. ಹೋದ ಚಳಿಗಾಲದಲ್ಲಿ ದಮಸ್ಕದ ಕತ್ತೆ ವ್ಯಾಪಾರಿ ಹಜಾಯ ನಮ್ಮ ಕಚೇರಿಗೆ ಬಂದಿದ್ದ. ಸಮಾರ್ಯದಲ್ಲಿ ಒಬ್ಬ ಕುಂಬಾರನ ಹತ್ತಿರ ಎರಡು ಹೂಜಿ ಕೊಂಡೆ, ಅವುಗಳ ಹಿಡಿಯನ್ನು ನಿಮ್ಮೂರಿನವರ ಹಾಗೆ ತಿರುಚಿದ್ದ ಎಂದ. ಹೆಸರು ಕೇಳಿದೆ. ಜಬ್ದಿ ಎಂದ. ಅಂದಿನಿಂದ ಬರೆಯಬೇಕು ಬರೆಯಬೇಕು ಎಂದುಕೊಂಡು ಈಗ ಬರೆಯುತ್ತಿದ್ದೇನೆ.

ಅಮ್ಮನ ಮೈಯಲ್ಲಿ ಶಕ್ತಿ ಇಲ್ಲ. ಎರಡು ತಿಂಗಳಿಂದ ಹಾಸಿಗೆ ಬಿಟ್ಟು ಎದ್ದದ್ದು ಕಡಿಮೆ. ಆಕೆಗೆ ಒಂದೇ ಆಸೆ, ಅದನ್ನು ತಿಳಿಸಲು ಈ ಓಲೆ. ನಮ್ಮ ಮನೆಯ ಗೋಡೆಯ ಗೂಡು ನಾಲ್ಕು ವರ್ಷದಿಂದ ಖಾಲಿ ಇದೆ. ಹೊರಟ ದಿನ ನೀವು ಮನೆದೇವತೆ ಅಶಿಮಾಳ ಮೂರ್ತಿಯನ್ನು ಹಿಟ್ಟು ನಾದುವ ಮರಿಗೆಯಲ್ಲಿ, ಹಿಟ್ಟಿನ ಕೆಳಗೆ ಹೂತು ಒಯ್ದದ್ದು ನನಗೆ ಗೊತ್ತು. ನಾನು ಯಾರಿಗೂ ದೂರು ಕೊಡಲಿಲ್ಲ. ಆದರೆ ಮನೆದೇವರು ಮನೆಯ ಗಂಡುಮಗನಿಗೆ ಸೇರಿದ್ದು ಎಂಬುದು ನಿಮಗೆ ತಿಳಿಯದ್ದೇನಲ್ಲ. ಅಮಾವಾಸ್ಯೆಯ ದಿನ ಅಪ್ಪ, ಅಜ್ಜ, ಮುತ್ತಜ್ಜರ ಹೆಸರು ಕರೆದು ನೀರು ಬಿಡುವಾಗ ಅಶಿಮಾ ಗೂಡಿನಲ್ಲಿ ಕೂತು ನೋಡುತ್ತಿರಬೇಕು. ಇಲ್ಲದಿದ್ದರೆ ನೀರು ಮಣ್ಣಿಗೆ ಹೋಗುತ್ತದೆ, ಸತ್ತವರ ಬಾಯಿಗೆ ಹೋಗುವುದಿಲ್ಲ. ನಾಳೆ ಅಮ್ಮನಿಗೆ ಏನಾದರೂ ಆದರೆ ಅವಳು ಅಲ್ಲಿ ಬಾಯಾರಿ ಕೂರಬಾರದು.

ಹಜಾಯ ನಂಬಿಕಸ್ತ. ಉಣ್ಣೆಯಲ್ಲಿ ಸುತ್ತಿ ಅವನ ಕೈಗೆ ಕೊಡಿ. ಆದದ್ದು ಆಗಿಹೋಯಿತು, ಹಳೆಯದನ್ನು ಕೆದಕುವುದು ಬೇಡ.

ನಿಮ್ಮ ತಮ್ಮ,
ಮತಿಯೇಲ
ಹಮಾತಿನ ಅಧಿಪತಿಯ ಕಚೇರಿಯ ಲಿಪಿಕಾರ


ಸಮಾರ್ಯ, ಸೀವಾನ್ ತಿಂಗಳ ನಾಲ್ಕನೆಯ ದಿನ

ಮತಿಯೇಲನಿಗೆ.

ನಿನಗೆ ಆಶೀರ್ವಾದ ಬರೆಸುವುದಿಲ್ಲ. ಇಲ್ಲಿಯ ಲಿಪಿಕಾರ ಬಲಾಸಿ ಕೂತಾ ಎಂಬ ಊರಿನವನು. ಅವನನ್ನೂ ನಮ್ಮ ಹಾಗೆಯೇ ಹೊತ್ತು ತಂದು ಇಲ್ಲಿ ಸುರಿದಿದ್ದಾರೆ. "ಆಶೀರ್ವಾದ ಇಲ್ದೆ ಓಲೆ ಶುರು ಮಾಡೋದು ಪದ್ಧತಿ ಅಲ್ಲಮ್ಮ" ಎಂದ. "ಅವನಿಗೆ ಬೇಕಾದ್ರೆ ಅವನೇ ಬರ್ಕೊಳ್ಲಿ, ಬರಿಯೋದು ಅವನ ಕಸುಬೇ ಅಲ್ವಾ" ಎಂದೆ.

ನಾನು ಯಾವತ್ತಿನಿಂದ ನಿನಗೆ "ನೀವು" ಆದೆ? ನಿನ್ನನ್ನು ಸೊಂಟದ ಮೇಲೆ ಹೊತ್ತು ಅರಂತು ಹೊಳೆಯ ದಡದಲ್ಲಿ ತಿರುಗಿದವಳು ನಾನು. ನನ್ನ ಸೊಂಟದ ಒಂದು ಮಗ್ಗುಲು ಇವತ್ತಿಗೂ ಡೊಂಕಾಗಿದೆ, ಅದು ನಿನ್ನ ಭಾರ.

ಹಳೆಯದನ್ನು ಕೆದಕುವುದು ಬೇಡವೆಂದೆ. ನಾನು ಕೆದಕುತ್ತೇನೆ. ಊರಬಾಗಿಲ ಹತ್ತಿರ ಮೂರು ಕಾಲಿನ ಮಣೆಯ ಮೇಲೆ ನೀನು ಕೂತಿದ್ದೆ. ತೊಡೆಯ ಮೇಲೆ ತೊಗಲು ಹರಡಿಕೊಂಡು, ಊರು ಬಿಡಿಸಿ ಸಾಗಿಸುವವರ ಪಟ್ಟಿ ಬರೆಯುತ್ತಿದ್ದೆ. ಪಕ್ಕದಲ್ಲಿ ಅಶ್ಶೂರದ ದಂಡಿನವನು. ನಾವು ಸಾಲಿನಲ್ಲಿ ಬಂದೆವು. ನನ್ನ ಸರದಿ ಬಂದಾಗ ನೀನು ತಲೆ ಎತ್ತಲಿಲ್ಲ. "ಹೆಸರು?" ಎಂದೆ. ನನ್ನ ಒಡಹುಟ್ಟಿದವನು ನನ್ನ ಹೆಸರು ಕೇಳಿದ. ನಾನು ಹೇಳಲಿಲ್ಲ, ನೆನಪಿದೆಯಾ? ನೀನೇ ಬರೆದುಕೊಂಡೆ. ಗಂಡ ಜಬ್ದಿ, ಕುಂಬಾರ. ಮಗಳು ಶೂಲಾ, ಎಂಟು ವರ್ಷ. ಮಗ ಇಲಾಯ, ಆರು ವರ್ಷ. ವಯಸ್ಸು ಕೂಡ ಒಂದೂ ತಪ್ಪಲಿಲ್ಲ.

ಇಪ್ಪತ್ತಾರು ದಿನ ನಡೆಸಿದರು. ಈ ಊರಿಗೆ ತಂದು ಒಂದು ಮನೆಯ ಒಳಗೆ ನೂಕಿ, ಇದು ನಿಮ್ಮದು ಎಂದರು. ಯಾರದೋ ಮನೆ. ಆ ಮನೆಯವರನ್ನು ಎತ್ತಿಕೊಂಡು ಹೋಗಿ ಇನ್ನೆಲ್ಲೋ ನೂಕಿದ್ದಾರಂತೆ. ಒಲೆಯಲ್ಲಿ ಅವರ ಬೂದಿ ಇತ್ತು. ಬಾಗಿಲ ಚೌಕಟ್ಟಿನಲ್ಲಿ ಅವರ ಮಗುವೊಂದು ಬೆಳೆದ ಎತ್ತರಕ್ಕೆ ವರ್ಷವರ್ಷವೂ ಗೀಚಿದ ಗೆರೆಗಳಿವೆ, ಒಟ್ಟು ಎಂಟು. ಇಲಾಯ ಬಂದ ದಿನವೇ ಅದಕ್ಕೆ ಒರಗಿ ನಿಂತ. ಮೂರನೆಯ ಗೆರೆಗೆ ಸರಿಯಾದ. "ಅಮ್ಮ, ಮುಂದಿನ ವರ್ಷ ನಾಕನೇದು" ಎಂದ.

ನಾಲ್ಕನೆಯದಕ್ಕೆ ಅವನು ಬರಲಿಲ್ಲ. ಈಗ ನಿನಗೆ ಹೇಳುತ್ತಿದ್ದೇನೆ, ಕೇಳು. ಊರು ಬರಿದಾದ ಮೇಲೆ ಇಲ್ಲಿಯ ಹೊಲಗಳಲ್ಲಿ ಪೊದೆ ಎದ್ದು, ಸಿಂಹಗಳು ಗೋಡೆಯ ತನಕ ಬರುತ್ತಿದ್ದವು. ಬಂದ ವರ್ಷವೇ, ಎಲೂಲ್ ತಿಂಗಳಲ್ಲಿ, ಮಕ್ಕಳಿಬ್ಬರೂ ಗೋಡೆಯಾಚೆ ಚಿಲುಮೆಯಾಗಿ ಉಕ್ಕುವ ಊಟೆಗೆ ನೀರು ತರಲು ಹೋಗಿದ್ದರು. ಹಗಲು ಹೊತ್ತು. ಶೂಲಾ ಒಬ್ಬಳೇ ಬಂದಳು. ಅವಳ ಕೈಯಲ್ಲಿ ಹೂಜಿಯ ಹಿಡಿ ಮಾತ್ರ ಇತ್ತು. ಆ ಹಿಡಿಯನ್ನು ಅವಳ ಬೆರಳಿನಿಂದ ಬಿಡಿಸಲು ನಮಗೆ ಎರಡು ದಿನ ಹಿಡಿಯಿತು.

ಆಮೇಲೆ ಬೇತೇಲಿನಿಂದ ಇಲ್ಲಿಯ ಹಳೆಯ ಪೂಜಾರಿಯೊಬ್ಬನನ್ನು ಕರೆಸಿದರು. ಅವನು ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, "ಈ ನೆಲದ ದೇವರಿಗೆ ನಿಮ್ಮ ಗುರುತಿಲ್ಲ, ಅದಕ್ಕೇ ಸಿಂಹ ಬಿಟ್ಟವ್ನೆ" ಎಂದ. ನಾನು ಎದ್ದು ನಿಂತು ಕೇಳಿದೆ, "ಗುರುತಿಲ್ಲದೋರ್ನ ಕಚ್ಚೋದು ದೇವರ ಕೆಲಸಾನಾ, ನಾಯಿ ಕೆಲಸಾನಾ?" ಜಬ್ದಿ ನನ್ನ ಸೆರಗು ಹಿಡಿದು ಎಳೆದು ಕೂರಿಸಿದ.

ಅಶಿಮಾ ನನ್ನ ಹತ್ತಿರ ಇದ್ದಾಳೆ. ಇಲ್ಲಿಗೆ ಬಂದ ನಲವತ್ತು ಹಮಾತಿನ ಮನೆಗಳಲ್ಲಿ ಹಳೆಯ ಮನೆದೇವರು ಇರುವುದು ನನ್ನದೊಂದರಲ್ಲೇ. ಅಮಾವಾಸ್ಯೆ ಬಂದರೆ ಎಲ್ಲರೂ ಚೊಂಬು ಹಿಡಿದು ನನ್ನ ಬಾಗಿಲಿಗೆ ಬರುತ್ತಾರೆ. ಅವರವರ ಸತ್ತವರನ್ನು ಅವರು ಕರೆಯುತ್ತಾರೆ. ನಾನು ಮಾತ್ರ ಇಲಾಯನ ಹೆಸರನ್ನು ಅವಳ ಮುಂದೆ ಈವರೆಗೆ ಒಂದು ಸಲವೂ ಎತ್ತಿಲ್ಲ. ಎತ್ತಿದರೆ ಅವನು ಸತ್ತ ಹಾಗೆ. ನಿನಗೆ ನಾಲ್ಕು ವರ್ಷವಿದ್ದಾಗ ನೀರು ಬಿಡುವ ಹೊತ್ತಿನಲ್ಲಿ ತಮಾಷೆಗೆ ನನ್ನ ಹೆಸರು ಕೂಗಿದ್ದೆ. ಬದುಕಿರುವವಳ ಹೆಸರು ನೀರಿಗೆ ಬಿತ್ತಲ್ಲ ಎಂದು ಅಮ್ಮ ನಿನ್ನ ಬಾಯಿಗೆ ಉಪ್ಪು ತಿಕ್ಕಿದಳು. ಮೂರು ದಿನ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ನಾನು ಕೆಮ್ಮಿದರೂ ಓಡಿ ಬರುತ್ತಿದ್ದಳು.

ಅಂಥ ಅಮ್ಮ ನಾಲ್ಕು ವರ್ಷದಲ್ಲಿ ನನಗೆ ಒಂದು ಮಾತು ಹೇಳಿ ಕಳಿಸಲಿಲ್ಲ. ಈಗ ದೇವರನ್ನು ಕೇಳಿ ಕಳಿಸಿದ್ದಾಳೆ. ನನ್ನ ಮಕ್ಕಳು ಹೇಗಿದ್ದಾರೆ ಎಂದು ಯಾಕೆ ಕೇಳಲಿಲ್ಲ? ಅದನ್ನು ಅವಳ ಬಾಯಿಂದಲೇ ಕೇಳಿ ಬರೆ.

ಅಶಿಮಾ ಬರುವುದಿಲ್ಲ.

ತಾಬಿ
ನಿನ್ನ ಪಟ್ಟಿಯ ಹದಿನೇಳನೆಯ ಮನೆ

ಲಿಪಿಕಾರ ಬಲಾಸಿಯ ಮಾತು: ಈಕೆ ಹೇಳಿದ ಮೂರು ಬೈಗಳನ್ನು ನಾನು ಬರೆದಿಲ್ಲ. ಜಾಗ ಸಾಲಲಿಲ್ಲ.


ಹಮಾತ್, ಅಬ್ ತಿಂಗಳ ಎರಡನೆಯ ದಿನ

ಅಕ್ಕಾ,

ನಿನ್ನ ಓಲೆಯನ್ನು ಕಚೇರಿಯಲ್ಲಿ ಓದಿದೆ. ಓದಿ ಹೊರಗೆ ಬಂದು ಕುದುರೆ ಲಾಯದ ಹಿಂದೆ ಕೂತೆ. ಇಲಾಯ ನನ್ನ ಜೊಂಡಿನ ಲೇಖನಿಯನ್ನು ಕದ್ದು ಮೂಗಿನಲ್ಲಿ ಇಟ್ಟುಕೊಂಡು ಓಡುತ್ತಿದ್ದ ಹುಡುಗ. ನಾನೇನು ಬರೆಯಲಿ.

ಪಟ್ಟಿಯ ವಿಷಯ ನೀನು ಹೇಳಿದ್ದೆಲ್ಲ ನಿಜ. ಕೇರಿಗೆ ಮೂರು ಮನೆ ಬರಿ, ಕಸುಬು ಗೊತ್ತಿರುವವರನ್ನೇ ಬರಿ ಎಂದು ಆಜ್ಞೆ ಇತ್ತು. ಬರೆಯದಿದ್ದರೆ ಬರೆಯುವ ಕೈ ಇರುತ್ತಿರಲಿಲ್ಲ. ತಲೆ ಎತ್ತಿದ್ದರೆ ನಿನ್ನ ಮುಖ ಕಾಣುತ್ತಿತ್ತು, ಅದಕ್ಕೇ ಎತ್ತಲಿಲ್ಲ. ಹೇಡಿ ಎನ್ನು, ಒಪ್ಪುತ್ತೇನೆ.

ಆದರೆ ಅಮ್ಮನನ್ನು ಬೈಯಬೇಡ. ಅವಳು ನಿನ್ನನ್ನು ಮರೆಯಲಿಲ್ಲ. ನನ್ನ ಮೊದಲ ಓಲೆಯಲ್ಲಿ ನಾನು ಸುಳ್ಳು ಬರೆದಿದ್ದೆ. ಅಶಿಮಾಳನ್ನು ಕೇಳಿದ್ದು ಅಮ್ಮ ಅಲ್ಲ, ನಾನು. ನೀವು ಬದುಕಿದ್ದೀರಿ ಎಂದೇ ಅಮ್ಮನಿಗೆ ಗೊತ್ತಿಲ್ಲ.

ನೀವು ಹೊರಟ ಮೇಲೆ ಅವಳು ದಿನವೂ ಊರಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಬಂದ ದಂಡಿನವರನ್ನೆಲ್ಲ ತಡೆದು, "ನನ್ ಮಗಳ್ನ ಎಲ್ಲಿ ಬಿಟ್ರಿ" ಎಂದು ಕೇಳುತ್ತಿದ್ದಳು. ಒಬ್ಬ ಈಟಿಯ ಹಿಂಬದಿಯಿಂದ ನೂಕಿದ, ಹಲ್ಲು ಮುರಿಯಿತು. ಆದರೂ ಹೋದಳು. ಉಣ್ಣುವುದನ್ನು ಬಿಟ್ಟಳು. ಮನೆಗೆ ಬಂದರೆ ನನ್ನ ಮುಖ ನೋಡಿ ಕೂರುತ್ತಿದ್ದಳು. ಅದನ್ನು ನಾನು ತಾಳಲಿಲ್ಲ. ಆ ವರ್ಷ ಇದೇ ಅಬ್ ತಿಂಗಳಲ್ಲಿ ಒಂದು ದಿನ ಹೇಳಿಬಿಟ್ಟೆ: ದಾರಿಯಲ್ಲಿ ಜ್ವರ ಬಂದು ನಾಲ್ವರೂ ಹೋದರಂತೆ, ದೇವರನ್ನೂ ಅವರ ಜೊತೆಗೇ ಮಣ್ಣು ಮಾಡಿದರಂತೆ.

ಅವಳು ಅತ್ತಳು, ತಲೆಗೆ ಬೂದಿ ಹಾಕಿಕೊಂಡಳು, ಏಳು ದಿನ ನೆಲದ ಮೇಲೆ ಮಲಗಿದಳು. ಎಂಟನೆಯ ದಿನ ಎದ್ದು ಮುಖ ತೊಳೆದು ರೊಟ್ಟಿ ತಿಂದಳು. ಕಾಯುವವರು ಉಣ್ಣುವುದಿಲ್ಲ, ಅತ್ತು ಮುಗಿಸಿದವರು ಉಣ್ಣುತ್ತಾರೆ. ನನ್ನ ತಾಯಿಯನ್ನು ನಾನು ಉಳಿಸಿಕೊಂಡೆ ಎಂದುಕೊಂಡೆ.

ಆ ತಿಂಗಳ ಅಮಾವಾಸ್ಯೆಗೆ ಅವಳು ಖಾಲಿ ಗೂಡಿನ ಮುಂದೆ ನಿಮಗೆ ನೀರು ಬಿಟ್ಟಳು. ತಾಬಿ, ಜಬ್ದಿ, ಶೂಲಾ, ಇಲಾಯ, ಒಬ್ಬೊಬ್ಬರನ್ನೂ ಮೂರು ಮೂರು ಸಲ ಕರೆದು. ಅಪರಿಚಿತ ನೆಲದಲ್ಲಿ ಮಕ್ಕಳು ಬಾಯಾರಿ ಇರಬಾರದು ಎಂದು. ಹೂಜಿ ಹಿಡಿದುಕೊಂಡಿದ್ದವನು ನಾನು. ತಡೆಯಬಹುದಿತ್ತು. ಬರೀ ನೀರು ತಾನೆ ಎಂದುಕೊಂಡೆ.

ಮಾರನೆಯ ದಿನ ಎಲೂಲ್ ಹುಟ್ಟಿತು. ನಿನ್ನ ಓಲೆಯಲ್ಲಿ ಆ ತಿಂಗಳ ಹೆಸರು ನೋಡಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ನೀವು ಬದುಕಿದ್ದೀರಿ ಎಂದು ಚಳಿಗಾಲದಲ್ಲಿ ಹಜಾಯ ಹೇಳಿದ ಮೇಲೂ ಅಮ್ಮ ನೀರು ಬಿಟ್ಟಳು. ಆಗಲೂ ಹೂಜಿ ಹಿಡಿದೆ. ಹೇಗೆ ಬಾಯಿ ಬಿಡಲಿ ಅಕ್ಕಾ? ಈಗ ಅವಳು ಹೋಗುವ ಹೊತ್ತು. ಅವಳು ಹೋದ ಮೇಲೆ ಅಶಿಮಾ ಎದುರು ಎಲ್ಲವನ್ನೂ ಒಪ್ಪಿಕೊಂಡು ಸರಿಮಾಡೋಣ ಎಂದೇ ಅವಳನ್ನು ಕಳಿಸಿಕೊಡು ಎಂದು ನಿನ್ನನ್ನು ಕೇಳಿದ್ದು. ನಿನಗೆ ಹೇಗೆ ತೋರುತ್ತದೋ ಹಾಗೆ ಮಾಡು.

ಮತಿಯೇಲ


ಸಮಾರ್ಯ, ಎಲೂಲ್ ತಿಂಗಳ ಹದಿನೇಳನೆಯ ದಿನ

ಉಸಿರಾಡುತ್ತಿದ್ದ ನನ್ನ ಮಗನಿಗೆ ನೀರು ಬಿಡಿಸಿದವನಿಗೆ.

ನಾನು ರೊಟ್ಟಿ ತಟ್ಟುತ್ತಿದ್ದೆ, ಬಲಾಸಿ ಬಾಗಿಲಲ್ಲಿ ನಿಂತು ನಿನ್ನ ಓಲೆ ಓದಿದ. ನಾಲ್ಕು ಹೆಸರು ಬಂದಾಗ ಅವನೇ ನಿಲ್ಲಿಸಿದ. "ಮುಂದೆ ಓದ್ಲಾ ತಾಯಿ?" ಎಂದ. ಓದು ಎಂದೆ.

ನೀನು ನನ್ನನ್ನು ಪಟ್ಟಿಗೆ ಬರೆದೆ, ಹೋಗಲಿ, ನಿನ್ನ ಕೈ ಉಳಿಯಬೇಕಿತ್ತು. ಆದರೆ ಇದನ್ನು ಯಾವ ದಂಡಿನವನು ಹೇಳಿ ಮಾಡಿಸಿದ? ಯಾವ ಈಟಿ ನಿನ್ನ ಕತ್ತಿನ ಮೇಲಿತ್ತು? ಅಮ್ಮ ನಿನ್ನ ಮುಖ ನೋಡಿ ಕೂರುತ್ತಿದ್ದಳು, ಅಷ್ಟೆ. ಆ ನೋಟ ತಪ್ಪಿಸಿಕೊಳ್ಳಲು ನೀನು ನಾಲ್ಕು ಜನರನ್ನು ಸಾಯಿಸಿದೆ.

ಜಬ್ದಿ ಹೇಳುತ್ತಾನೆ, "ಗೂಡು ಖಾಲಿ ಇತ್ತಲ್ಲೇ, ನೀರು ಎಲ್ಲಿ ತಲುಪ್ತು? ಸಿಂಹಕ್ಕೆ ಹಸಿವಾಗಿತ್ತು, ಬಂತು. ಅಷ್ಟೇಯ." ಅವನು ಮಣ್ಣು ಕಲಸುವವನು, ಎಲ್ಲವೂ ಅವನಿಗೆ ಮಣ್ಣೇ. ನಾನು ಹೇಳಿದೆ, ನೀರು ತಲುಪದೇ ಇರಬಹುದು. ಹೆಸರು? ಅಮ್ಮ ಹಮಾತಿನಲ್ಲಿ ಕೂತು ಇಲಾಯ ಇಲಾಯ ಇಲಾಯ ಎಂದು ಕರೆದಳು. ಕೇಳಿಸಿಕೊಳ್ಳಬೇಕಾದವಳು ನನ್ನ ಮನೆಯ ಗೂಡಿನಲ್ಲಿ ಕೂತಿದ್ದಳು. ಅವಳ ಕಣ್ಣೆದುರಿಗೇ ಹುಡುಗ ಚೌಕಟ್ಟಿಗೆ ಒರಗಿ ನಿಂತು ಎತ್ತರ ಅಳೆಯುತ್ತಿದ್ದ. ಇವನನ್ನೇ ಕೇಳುತ್ತಿದ್ದಾರೆ ಎಂದು ಅವಳು ಕೊಟ್ಟುಬಿಟ್ಟಳು. ಜಬ್ದಿ ಎದ್ದ. ಹೊರಗೆ ಹೋಗಿ ಸುಡದ ಮಡಕೆಗಳನ್ನೆಲ್ಲ ಒಡೆದು ಬಂದ.

ಲಿಪಿಕಾರನ ಮಾತು: ಇಲ್ಲಿಗೆ ಈಕೆ ಎದ್ದು ಹೋದಳು. ಮರುದಿನ ಬಂದು ಮುಂದಿನದನ್ನು ಹೇಳಿದಳು.

ಈಗ ಕೇಳು. ಶೂಲಾಗೆ ಪ್ರತಿ ವರ್ಷ ಎಲೂಲಿನಲ್ಲಿ ಜ್ವರ ಬರುತ್ತದೆ. ಊಟೆಯ ಹತ್ತಿರ ಹೆದರಿದ್ದಕ್ಕೆ ಎಂದುಕೊಂಡಿದ್ದೆ. ಈಗ ಮತ್ತೆ ಮಲಗಿದ್ದಾಳೆ. ಹನ್ನೆರಡು ವರ್ಷದವಳು, ಮಂಚದ ಮೇಲೆ ಬಟ್ಟೆಯ ಗಂಟಿನಷ್ಟು ಇದ್ದಾಳೆ. ಅವಳ ಹೆಸರು ಇನ್ನೂ ಸತ್ತವರ ಜೊತೆಗಿದೆ. ಅಲ್ಲಿಂದ ಯಾರಾದರೂ ಹಿಂದಕ್ಕೆ ಕರೆಯಬೇಕು.

ನಮ್ಮ ಹಿತ್ತಿಲ ಮನೆಯ ನೇಯುವವಳ ಮಗ ಯುದ್ಧದಿಂದ ಆರು ವರ್ಷದ ಮೇಲೆ ಬಂದದ್ದು ನೆನಪಿದೆಯಾ? ಅವನಿಗೂ ನೀರು ಬಿಟ್ಟಿದ್ದರು. ಅವನ ತಾಯಿ ಏನು ಮಾಡಿದಳು? ಅದೇ ಹೂಜಿಯನ್ನು ಹಗಲಿನಲ್ಲಿ ಹೊಸ್ತಿಲ ಮೇಲೆ ಬೋರಲು ಹಾಕಿ, ಬೀದಿಗೆ ಮುಖ ಮಾಡಿ ಅವನ ಹೆಸರನ್ನು ಮೂರು ಸಲ ಕರೆದಳು. ಒಳಗಿನಿಂದ ಒಬ್ಬರು "ಇದ್ದೇನೆ" ಎಂದರು. ನೀರು ಬಿಟ್ಟ ಕೈಯೇ ಹೂಜಿ ಬೋರಲು ಹಾಕಬೇಕು. ಬೇರೆಯವರು ಮಾಡಿದರೆ ಆಗುವುದಿಲ್ಲ. ಅಮ್ಮ ಸತ್ತರೆ ಶೂಲಾಳನ್ನು ಕರೆಯಲು ಇನ್ನು ಯಾರೂ ಇಲ್ಲ.

ಹೋಗಿ ಅಮ್ಮನಿಗೆ ಹೇಳು, ನಿನ್ನ ಬಾಯಿಂದಲೇ. ಮೂವರು ಬದುಕಿದ್ದಾರೆ, ಇಲಾಯ ಹೋದ ಎನ್ನು. ಅವಳು ಎದೆ ಒಡೆದುಕೊಳ್ಳುತ್ತಾಳೆ, ನನಗೆ ಗೊತ್ತು. ಒಡೆದುಕೊಳ್ಳಲಿ. ನನ್ನ ಮಗಳು ಬದುಕಬೇಕು.

ತಾಬಿ


ಹಮಾತ್, ತಿಶ್ರಿ ತಿಂಗಳ ಇಪ್ಪತ್ತೆಂಟನೆಯ ದಿನ

ಅಕ್ಕಾ,

ಅಮ್ಮ ಹೋದಳು. ಈ ತಿಂಗಳ ಇಪ್ಪತ್ತೊಂದರಂದು, ಬೆಳಗ್ಗೆ.

ನಿನ್ನ ಓಲೆ ಬಂದ ದಿನವೇ ನಾನು ಅವಳ ಹಾಸಿಗೆಯ ಹತ್ತಿರ ಕೂತು ಹೇಳಿದೆ. ನಾನು ಸುಳ್ಳು ಹೇಳಿದ್ದೆ, ಅವರು ದಾರಿಯಲ್ಲಿ ಸಾಯಲಿಲ್ಲ, ಸಮಾರ್ಯದಲ್ಲಿದ್ದಾರೆ ಎಂದೆ. ಹೊಡೆಯುತ್ತಾಳೆ ಎಂದು ಮುಖ ಮುಂದೆ ಮಾಡಿದೆ. ಹೊಡೆಯಲಿಲ್ಲ. "ನಾಕು ವರ್ಷ ನನ್ ಕೈಲಿ ಬದುಕಿರೋರ್ಗೆ ನೀರು ಬಿಡಿಸ್ದೆಯೇನೋ?" ಎಂದಳು. ನಾನು ತಲೆ ತಗ್ಗಿಸಿದೆ.

ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡಳು. ಆ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. "ಎಲ್ಲಾರೂ ಅವ್ರಾ?" ಎಂದಳು.

ನಾನು ನೀನು ಹೇಳಿಕೊಟ್ಟದ್ದನ್ನೇ ಹೇಳಲು ಬಾಯಿ ತೆರೆದೆ ಅಕ್ಕಾ, ಆಣೆಯಿಟ್ಟು ಹೇಳುತ್ತೇನೆ. ಅವಳ ಕಣ್ಣು ನೋಡಿದೆ. "ಅವ್ರೆ ಅಮ್ಮ" ಎಂದುಬಿಟ್ಟೆ.

"ಮಗಾನೂ?"

"ಅವನೂನು."

"ಎಷ್ಟುದ್ದ ಆಗವ್ನೆ?"

ನಾನು ಎದ್ದು ನಿಂತು ನನ್ನ ಎದೆಯ ಹತ್ತಿರ ಕೈ ಇಟ್ಟು ತೋರಿಸಿದೆ. ಅವಳು ನಕ್ಕಳು. ಮುರಿದ ಹಲ್ಲಿನ ಸಂದು ಕಂಡಿತು. "ಅವ್ರಪ್ಪನ ಥರ, ಬೇಗ ಎತ್ತರ ಆಗೋ ಜಾತಿ" ಎಂದಳು.

ತಿಂಗಳುಗಟ್ಟಲೆ ಕಾಲೂರದವಳು ನನ್ನ ಹೆಗಲು ಹಿಡಿದು ಹೊಸ್ತಿಲ ತನಕ ನಡೆದಳು. ತಾನೇ ಹೂಜಿಯನ್ನು ಬೋರಲು ಹಾಕಿದಳು. ಬೀದಿಗೆ ಮುಖ ಮಾಡಿ ಕರೆದಳು. ಒಳಗಿನಿಂದ ಉತ್ತರ ಕೊಡಲು ನಾನೊಬ್ಬನೇ ಇದ್ದೆ. ನಿನ್ನ ಹೆಸರಿಗೆ, ಭಾವನ ಹೆಸರಿಗೆ, ಶೂಲಾ ಹೆಸರಿಗೆ "ಇದ್ದೇನೆ" ಎಂದೆ. ಇಲಾಯನ ಹೆಸರನ್ನು ಅವಳು ಎಲ್ಲಕ್ಕಿಂತ ಜೋರಾಗಿ ಕರೆದಳು, ಬೀದಿಯವರೆಲ್ಲ ಹೊರಗೆ ಬಂದರು. ಮೊದಲ ಎರಡು ಸಲ ಖಾಲಿ ಗೂಡಿನ ಕಡೆ ಮುಖ ತಿರುಗಿಸಿ ನಿಂತೆ. ಮೂರನೆಯ ಸಲಕ್ಕೆ "ಇದ್ದೇನೆ" ಎಂದೆ.

ಆಮೇಲೆ ಆರು ದಿನ ಇದ್ದಳು. ಬಂದವರಿಗೆಲ್ಲ ಮೊಮ್ಮಗನ ಎತ್ತರ ಹೇಳಿದಳು. ಪಕ್ಕದವಳ ಕೈಯಿಂದ ಅಂಜೂರ ಕುಟ್ಟಿಸಿ ಒಂದು ಬಿಲ್ಲೆ ಮಾಡಿಸಿ, ಇದು ಇಲಾಯನಿಗೇ, ಅಕ್ಕನಿಗೆ ಕೊಡದೆ ತಿನ್ನಲಿ ಎಂದಳು. ಹಜಾಯನ ಕೈಯಲ್ಲಿ ಕಳಿಸಿದ್ದೇನೆ. ಕಳಿಸದೇ ಇರಲು ಮನಸ್ಸು ಬರಲಿಲ್ಲ. ಅವಳು ನಗುತ್ತಲೇ ಹೋದಳು ಅಕ್ಕಾ. ಆ ಒಂದು ಸುಳ್ಳನ್ನಾದರೂ ಕ್ಷಮಿಸು. ಅಪ್ಪನ ಮಗ್ಗುಲಲ್ಲೇ ಮಣ್ಣು ಮಾಡಿದೆ. ಗೂಡು ಖಾಲಿ ಇದೆ. ಅವಳಿಗೆ ನೀರು ಬಿಡಲು ನನ್ನಿಂದ ಆಗುತ್ತಿಲ್ಲ.

ಮತಿಯೇಲ


ಸಮಾರ್ಯ, ಕಿಸ್ಲೇವ್ ತಿಂಗಳ ಮೂರನೆಯ ದಿನ

ಮತಿಯೇಲನಿಗೆ.

ಶೂಲಾಗೆ ಜ್ವರ ಬಿಟ್ಟಿದೆ. ಮಳೆ ಬಂತು, ಕಾಲ ತಿರುಗಿತು, ಅದಕ್ಕೇ ಎನ್ನುತ್ತಾನೆ ಜಬ್ದಿ. ಏನಾದರೂ ಎನ್ನಲಿ. ಎದ್ದು ಕೂತು ಗಂಜಿ ಕೇಳಿದಳು. ಆ ಮಟ್ಟಿಗೆ ನಾನು ಹೇಳಿದ್ದನ್ನು ನೀನು ಮಾಡಿದೆ.

ಹಜಾಯ ಅಂಜೂರದ ಬಿಲ್ಲೆ ತಂದುಕೊಟ್ಟ. "ಇದು ಹುಡುಗನ್ಗಂತೆ, ಎಲ್ಲಿ ಅವ್ನು?" ಎಂದು ನನ್ನ ಮನೆಯೊಳಗೆ ಇಣುಕಿ ಕೇಳಿದ. ಅವನದೇನೂ ತಪ್ಪಿಲ್ಲ. ಅವನಿಗೆ ಏನು ಉತ್ತರ ಕೊಟ್ಟೆ ಎಂದು ನಿನಗೆ ಹೇಳುವುದಿಲ್ಲ.

ನೀನು ಒಂದೇ ಸುಳ್ಳನ್ನು ಎರಡು ಕಡೆಯಿಂದ ಹೇಳಿದವನು. ಬದುಕಿದ್ದ ನನ್ನ ಮಗನನ್ನು ಸತ್ತ ಎಂದೆ. ಸತ್ತ ಮೇಲೆ ಬದುಕಿದ್ದಾನೆ ಎಂದೆ. ಅವನ ಬಾಯಿಯಾಗಿ ಬಾಗಿಲಲ್ಲಿ ನಿಂತು "ಇದ್ದೇನೆ" ಎಂದವನೂ ನೀನೇ. ಎರಡು ಸಲವೂ ಅಮ್ಮನಿಗೋಸ್ಕರ ಎನ್ನುತ್ತೀಯ. ಎರಡು ಸಲವೂ ನಿನಗೆ ತಾಳಲಾಗದ್ದು ಅಮ್ಮನ ಕಣ್ಣು. ನನ್ನ ಕಣ್ಣನ್ನು ನೋಡುವ ಕಷ್ಟವೂ ನಿನಗಿಲ್ಲ, ನಡುವೆ ಇಪ್ಪತ್ತಾರು ದಿನದ ದಾರಿಯಿದೆ.

ನಿನ್ನೆ ಮೊನ್ನೆ ಅಮಾವಾಸ್ಯೆ. ನಲವತ್ತು ಮನೆಯವರೂ ಬಂದು ಹೋದ ಮೇಲೆ ನಾನು ಅಶಿಮಾಳ ಮುಂದೆ ಒಬ್ಬಳೇ ಕೂತೆ. ಅಪ್ಪನನ್ನು, ಅಜ್ಜನನ್ನು, ಮುತ್ತಜ್ಜನನ್ನು ಕರೆದು ನೀರು ಬಿಟ್ಟೆ. ಆಮೇಲೆ ಅಮ್ಮನನ್ನು ಕರೆದೆ. ನಿಕ್ಕಲ, ನಿಕ್ಕಲ, ನಿಕ್ಕಲ. ಮಗಳಾಗಿ ಅವಳ ಹೆಸರನ್ನು ಬಾಯಲ್ಲಿ ಆಡಿದ್ದು ಅದೇ ಮೊದಲು.

ಹೂಜಿಯಲ್ಲಿ ಇನ್ನೂ ನೀರಿತ್ತು. ನೀನು ಕರೆಸಿದ್ದರಿಂದ ನನ್ನ ಮಗ ಈಗ ಇಲ್ಲಿಯವನೂ ಅಲ್ಲ, ಅಲ್ಲಿಯವನೂ ಅಲ್ಲ, ಹಮಾತಿನ ಹೊಸ್ತಿಲ ಮೇಲೆ ಬೋರಲು ಹೂಜಿಯ ಪಕ್ಕ ನಿಂತಿದ್ದಾನೆ. ಹಾಗೆ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಅಂಜೂರದ ಬಿಲ್ಲೆ ಮುರಿದಿಟ್ಟು ಇಲಾಯನ ಹೆಸರು ಕರೆದೆ. ಮೂರು ಸಲ. ನಾಲ್ಕು ವರ್ಷ ಹಲ್ಲು ಕಚ್ಚಿ ಹಿಡಿದಿದ್ದ ಹೆಸರು, ಬಾಯಿಂದ ಹೋಗಿಬಿಟ್ಟಿತು. ನೀರು ಬಿಟ್ಟೆ.

ಬಿಡುವಾಗ ಅಮ್ಮನಿಗೆ ಹೇಳಿದೆ, "ಅಮ್ಮಾ, ಅಲ್ಲೊಬ್ಬ ಹುಡುಗ ಬರ್ತಾನೆ. ನನ್ ಸೊಂಟದ ಮಟ್ಟಕ್ಕಿದಾನೆ, ಅಷ್ಟೇಯ. ಎದೆ ಮಟ್ಟಕ್ಕೆ ಬೆಳ್ದಿರೋನ್ನ ಹುಡುಕ್ಬೇಡ. ಅವನಿಗೆ ಮೊದ್ಲು ಕುಡಿಸು."

ಅವಳು ಅವನನ್ನು ನೋಡುತ್ತಾಳೆ ಮತಿಯೇಲ. ನೀನು ಕೈ ಎತ್ತಿ ತೋರಿಸಿದ ಎತ್ತರಕ್ಕೆ ಅವನು ಇರುವುದಿಲ್ಲ. ಆಗ ಎಲ್ಲವೂ ಅವಳಿಗೆ ತಿಳಿಯುತ್ತದೆ. ನಗುತ್ತ ಹೋದಳು ಎಂದೆ. ಹೋಗಿ ಮುಟ್ಟಿದ ಮೇಲೆ ನಗು ಉಳಿಯಿತೇ ಎಂದು ನೀನೇ ಯೋಚಿಸು. ನೀನು ಅಲ್ಲಿಗೆ ಹೋದಾಗ ಆ ಕಣ್ಣು ನಿನಗಾಗಿ ಕಾದಿರುತ್ತದೆ. ಅಲ್ಲಿ ಹೇಳಲು ಮೂರನೆಯ ಸುಳ್ಳನ್ನು ಈಗಲೇ ಹೊಂದಿಸಿಕೋ.

ಅಶಿಮಾ ಬರುವುದಿಲ್ಲ. ನಮ್ಮವರು ಗುಡ್ಡದ ಮೇಲೆ ಅವಳಿಗೆ ಕಲ್ಲಿನ ಮನೆ ಕಟ್ಟುತ್ತಿದ್ದಾರೆ. ಅವಳು ಇನ್ನು ಇಲ್ಲಿಯವಳು. ನಾನೂ ಇಲ್ಲಿಯವಳೇ. ನೀನು ನಿನ್ನ ಖಾಲಿ ಗೂಡಿನ ಜೊತೆ ಇರು.

ನಿನಗೆ ಮಕ್ಕಳಿಲ್ಲ. ನಿನ್ನ ಹೆಂಡತಿಯೂ ಉಳಿಯಲಿಲ್ಲ. ನಾಳೆ ನೀನು ಹೋದರೆ ನಿನ್ನ ಹೆಸರು ಕರೆಯಲು ಭೂಮಿಯ ಮೇಲೆ ಇರುವವಳು ನಾನೊಬ್ಬಳೇ, ಅದು ನಿನಗೆ ಗೊತ್ತಿದ್ದೇ ಮೊದಲ ಓಲೆ ಬರೆದೆ ಎಂದು ನನಗೂ ಗೊತ್ತು. ಕರೆಯುತ್ತೇನೋ ಇಲ್ಲವೋ ಈಗ ಹೇಳುವುದಿಲ್ಲ. ಬದುಕಿರುವವರ ಹೆಸರನ್ನು ನೀರಿನ ಹತ್ತಿರ ಎತ್ತುವ ಅಭ್ಯಾಸ ನನಗಿಲ್ಲ.

ತಾಬಿ
ಇಲಾಯನ ತಾಯಿ